ಬಾಜಿ ಚುಕ್ತಾ



ಮೊದಲೇ ಹೇಳಿಬಿಡುತ್ತೇನೆ, ಇದು ಪಾವ್ ಭಾಜಿಯ ವಿಷಯವಲ್ಲ. ನಮ್ಮ ಸಂಘದ ಭಾನುವಾರದ ಕನ್ನಡ ತರಗತಿಯಲ್ಲಿ ಒಮ್ಮೆ ‘ಬಾಜಿ ಕಟ್ಟಿದನು’ ಎಂಬ ವಾಕ್ಯ ಬಂದಾಗ ಹಿಂದಿನ ಬೆಂಚಿನ ಹುಡುಗನೊಬ್ಬ, “ಆಂಟಿ, ಪಾರ್ಸೆಲ್ ಕಟ್ಟಿದನಾ?” ಎಂದು ಕೇಳಿದ್ದ. ತಪ್ಪು ಅವನದಲ್ಲ. ಮುಂಬಯಿಯಲ್ಲಿ ಹುಟ್ಟಿ ಬೆಳೆದ ನಿಮಗೆ ಊರಿನ ಬಾಜಿಯ ಪರಿಚಯ ಎಲ್ಲಿಂದ ಬರಬೇಕು? ಬಾಜಿ ಎಂದರೆ ಪಣ, ಪಂದ್ಯ. ಮಹಾಭಾರತದಲ್ಲಿ ಕದ್ರು ಮತ್ತು ವಿನತೆ ಎಂಬ ಅಕ್ಕತಂಗಿಯರು ಉಚ್ಚೈಃಶ್ರವಸ್ಸು ಎಂಬ ಕುದುರೆಯ ಬಾಲ ಕಪ್ಪೋ ಬಿಳುಪೋ ಎಂದು ಕಟ್ಟಿದರಲ್ಲ, ಅದು. ಸೋತವಳು ಗೆದ್ದವಳ ದಾಸಿಯಾಗಬೇಕೆಂದು ಮಾತು. ಕದ್ರು ತನ್ನ ಸರ್ಪಮಕ್ಕಳನ್ನು ಕುದುರೆಯ ಬಾಲಕ್ಕೆ ಸುತ್ತಿಕೊಳ್ಳಲು ಹೇಳಿ ಬಿಳಿ ಬಾಲವನ್ನು ಕಪ್ಪು ಮಾಡಿಬಿಟ್ಟಳು. ಬಾಜಿ ಕಟ್ಟುವುದು ಸುಲಭ. ಅದು ತೀರುವ ಹೊತ್ತಿಗೆ ಹತ್ತಿರ ಹೋಗಿ ಬಾಲವನ್ನು ಮುಟ್ಟಿ ನೋಡುವವರು ಯಾರು?

ಮುಟ್ಟಿ ನೋಡುವ ಒಬ್ಬರನ್ನು ನಾನು 2019ರ ಮೇ ತಿಂಗಳಲ್ಲಿ ಮದ್ದೂರು ತಾಲ್ಲೂಕಿನ ನಮ್ಮ ಯಜಮಾನರ ಊರಿನಲ್ಲಿ ಕಂಡೆ. ಆ ನಾಲ್ಕು ದಿನಗಳ ಕಥೆ ಇದು.

ಮಂಡ್ಯ ಲೋಕಸಭಾ ಕ್ಷೇತ್ರದಲ್ಲಿ ಆ ವರ್ಷ ಮತದಾನವಾದದ್ದು ಏಪ್ರಿಲ್ 18ಕ್ಕೆ. ಎಣಿಕೆ ಮೇ 23ಕ್ಕೆ. ನಡುವೆ ಮೂವತ್ತೈದು ದಿನ! ದೇಶದ ಉಳಿದ ಹಂತಗಳೆಲ್ಲ ಮುಗಿಯುವ ತನಕ ಮತಯಂತ್ರಗಳು ಬೀಗದೊಳಗೆ, ಊರಿನವರ ನಾಲಗೆ ಮಾತ್ರ ಹೊರಗೆ. ಒಂದು ಕಡೆ ಆಗಿನ ಮುಖ್ಯಮಂತ್ರಿ ಕುಮಾರಸ್ವಾಮಿಯವರ ಮಗ ನಿಖಿಲ್, ಜೆಡಿಎಸ್-ಕಾಂಗ್ರೆಸ್ ಮೈತ್ರಿಯ ಅಭ್ಯರ್ಥಿ. ಇನ್ನೊಂದು ಕಡೆ ನಟ ಅಂಬರೀಶರ ಪತ್ನಿ ಸುಮಲತಾ, ಪಕ್ಷೇತರರಾಗಿ, ಬಿಜೆಪಿಯ ಬೆಂಬಲದೊಡನೆ. ಲೋಕಸಭಾ ಕ್ಷೇತ್ರದ ಎಂಟಕ್ಕೆ ಎಂಟೂ ವಿಧಾನಸಭಾ ಸ್ಥಾನಗಳನ್ನು ಹಿಂದಿನ ವರ್ಷವಷ್ಟೇ ಜೆಡಿಎಸ್ ಗೆದ್ದಿತ್ತು. ಆದ್ದರಿಂದ ಲೆಕ್ಕ ಹಾಕುವವರು ನಿಖಿಲ್ ಎಂದರು, ಜನರ ಮುಖ ನೋಡುವವರು ಸುಮಲತಾ ಎಂದರು. ಬಾಜಿಗೆ ಇದಕ್ಕಿಂತ ಹದವಾದ ಹೊಲ ಉಂಟೇ?

ಮೇ 19ರ ಭಾನುವಾರ ನಾನು ಮತ್ತು ನನ್ನ ಮಗಳು ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದೆವು. ಯಜಮಾನರಿಗೆ ರಜೆ ಇರಲಿಲ್ಲ. ಮಗಳು ಆಗ ಹನ್ನೆರಡನೆಯ ತರಗತಿ ಮುಗಿಸಿದ್ದಳು. ಕನ್ನಡ ಚೆನ್ನಾಗಿ ಮಾತಾಡುತ್ತಾಳೆ, ಆದರೆ ಓದುವುದು ಮಾತ್ರ ಒಂದೊಂದೇ ಅಕ್ಷರ ಕೂಡಿಸಿಕೊಂಡು, ಅದೂ ಜೋರಾಗಿ. (ಈ ಅಭ್ಯಾಸದಿಂದ ಮುಂದೆ ಏನಾಯಿತು ಎಂಬುದನ್ನು ಹೇಳುತ್ತೇನೆ.) ಅಂದು ಸಂಜೆ ಕೊನೆಯ ಹಂತದ ಮತದಾನ ಮುಗಿಯುತ್ತಿದ್ದಂತೆ ಬೋಗಿಯ ತುಂಬ ಮೊಬೈಲುಗಳಲ್ಲಿ ಮತಗಟ್ಟೆ ಸಮೀಕ್ಷೆಗಳು. ಅಲ್ಲಿಯವರೆಗೆ ಅವನ್ನು ಪ್ರಕಟಿಸಬಾರದೆಂದು ಕಾನೂನು. ನಮ್ಮೆದುರು ಕುಳಿತಿದ್ದ ಒಬ್ಬ ವ್ಯಾಪಾರಿ ಸಮೀಕ್ಷೆಗಳನ್ನು ಕಡೆಗಣ್ಣಿನಿಂದಲೂ ನೋಡಲಿಲ್ಲ. “ಫಲೋದಿಯ ಭಾವ ಏನು ಹೇಳುತ್ತದೆ ನೋಡಿ” ಎಂದ. ರಾಜಸ್ಥಾನದ ಮರುಭೂಮಿಯಲ್ಲಿರುವ ಫಲೋದಿ ಎಂಬ ಪಟ್ಟಣ ಮಳೆಯ ಮೇಲೆ, ಚುನಾವಣೆಯ ಮೇಲೆ ಸಟ್ಟಾ ಆಡುವುದಕ್ಕೇ ಹೆಸರಾದದ್ದು. ಅಲ್ಲಿ ಯಾರ ಭಾವ ಕಡಿಮೆಯೋ ಅವರೇ ಗೆಲ್ಲುವ ಕುದುರೆ. ಮೂವತ್ತು ಪೈಸೆಯವನು ಬಲಶಾಲಿ, ಎರಡು ರೂಪಾಯಿಯವನು ಬಡಪಾಯಿ. ಪೇಟೆಯ ಆ ಬಾಜಿಯಲ್ಲಿ ಕಟ್ಟಿದವನ ಮುಖ ಕಟ್ಟಿಸಿಕೊಂಡವನಿಗೆ ಗೊತ್ತಿರಬೇಕಾಗಿಲ್ಲ, ಎಲ್ಲ ಬುಕ್ಕಿಯ ಲೆಕ್ಕದಲ್ಲಿ ಹೋಗಿ ಬರುತ್ತದೆ. ಊರಿನ ಬಾಜಿ ಹಾಗಲ್ಲ. ಅಲ್ಲಿ ಸೋತವನೂ ಗೆದ್ದವನೂ ಮರುದಿನ ಬೆಳಿಗ್ಗೆ ಒಂದೇ ಡೈರಿಯ ಸಾಲಿನಲ್ಲಿ ಹಾಲಿನ ಕ್ಯಾನು ಹಿಡಿದು ನಿಲ್ಲಬೇಕು.

ಬೆಂಗಳೂರಿನಲ್ಲಿ ಇಳಿದು ಮೈಸೂರು ಕಡೆಯ ರೈಲು ಹತ್ತಿದರೆ ಮದ್ದೂರು. ಮದ್ದೂರು ವಡೆಯನ್ನು ನಿಮಗೆ ನಾನು ವರ್ಣಿಸಬೇಕಾಗಿಲ್ಲ, ಸಂಘದ ವಾರ್ಷಿಕೋತ್ಸವದಲ್ಲಿ ತಿಂದಿದ್ದೀರಿ. ಆದರೆ ಅಲ್ಲಿಯ ವಡೆಗೂ ನಮ್ಮ ಅಡುಗೆಯವರ ವಡೆಗೂ ಸಂಬಂಧ ಹುಡುಕಬೇಡಿ. ಮದ್ದೂರಿನಿಂದ ಕೊಕ್ಕರೆ ಬೆಳ್ಳೂರಿನ ದಾರಿಯಲ್ಲಿ ಸ್ವಲ್ಪ ಒಳಗೆ ತಿರುಗಿದರೆ ನಮ್ಮ ಊರು. ಒಂದು ಕಾಲದಲ್ಲಿ ಮರದ ತುಂಬ ಕೊಕ್ಕರೆ, ಹೆಜ್ಜಾರ್ಲೆಗಳನ್ನು ನೋಡಲು ಮಗಳನ್ನು ಕರೆದೊಯ್ಯುತ್ತಿದ್ದೆ. ಮೇ ಕೊನೆಗೆ ಅವು ಮರಿಗಳೊಂದಿಗೆ ಹೊರಟುಹೋಗುವ ಸಮಯ. ಕಬ್ಬಿನ ಗದ್ದೆ, ಆಲೆಮನೆಯ ಹೊಗೆ, ದಾರಿಬದಿಯಲ್ಲಿ ತಾಟಿನುಂಗು ಸುಲಿಯುವವರು, ಮತ್ತು ಆ ವರ್ಷ ಎಲ್ಲಿ ನಾಲ್ಕು ಜನ ಸೇರಿದರೂ ಒಂದೇ ಮಾತು, “ನಿಂದು ಯಾವ್ ಕಡೆ? ಏನ್ ಕಟ್ಟೀಯೆ?”

ನನ್ನ ಮೈದುನ, ಎಂದರೆ ಯಜಮಾನರ ತಮ್ಮ, ಆಟೋ ತಂದಿದ್ದ. “ಅತ್ಗಮ್ಮ, ಸರಿಯಾದ್ ಟೈಮಿಗ್ ಬಂದ್ರಿ, ಗುರುವಾರ ಹಬ್ಬ” ಎಂದ. ಮನೆಯಲ್ಲಿ ಓರಗಿತ್ತಿ ಬಿಸಿ ಮುದ್ದೆ, ಹುರುಳಿಕಾಳಿನ ಉಪ್ಸಾರು ಮಾಡಿಟ್ಟಿದ್ದಳು. ಓರಗಿತ್ತಿ ಎಂದರೆ ಗಂಡನ ಸೋದರನ ಹೆಂಡತಿ, ನೀವು ಎಲ್ಲರಿಗೂ ಆಂಟಿ ಎಂದು ಮುಗಿಸಿಬಿಡುತ್ತೀರಿ, ಆದ್ದರಿಂದ ಹೇಳಿದೆ. ಊಟ ಬಡಿಸಿ ಅವಳು ನನ್ನನ್ನು ಮೊದಲು ಕರೆದೊಯ್ದದ್ದು ಕೊಟ್ಟಿಗೆಗೆ. “ನೋಡಕ್ಕ, ನನ್ ಲಕ್ಷ್ಮಿ.” ಕಪ್ಪುಬಿಳಿ ಸೀಮೆಹಸು. ಎರಡು ಹೊತ್ತಿಗೂ ಸೇರಿ ಹನ್ನೆರಡು ಲೀಟರ್. ಸ್ತ್ರೀಶಕ್ತಿ ಸಂಘದಿಂದ ಮೂವತ್ತು ಸಾವಿರ ಸಾಲ ತೆಗೆದು, ಮೇಲೆ ತನ್ನ ಓಲೆ ಅಡವಿಟ್ಟು ತಂದ ಹಸು. ಡೈರಿಯ ಪಾಸ್‌ಪುಸ್ತಕ ಅವಳ ಹೆಸರಿನಲ್ಲಿ. ಮನೆಯಲ್ಲಿ ಅವಳ ಹೆಸರಿನಲ್ಲಿದ್ದ ವಸ್ತು ಎಂದರೆ ಅದೊಂದೇ. ಸಂಘದ ಕಂತು ಇನ್ನೂ ಹನ್ನೊಂದು ಬಾಕಿ ಇತ್ತು.

ಈಗ ಬಾಲ ಮುಟ್ಟಿ ನೋಡುವವರ ವಿಷಯಕ್ಕೆ ಬರುತ್ತೇನೆ. ನಿವೃತ್ತ ಪ್ರಾಥಮಿಕ ಶಾಲೆಯ ಮೇಷ್ಟ್ರು. ಊರಿನ ಬಾಜಿಗೆಲ್ಲ ಅವರೇ ಮಧ್ಯಸ್ಥರು. ಅವರ ಜಗಲಿಯ ಮೇಲೆ ಒಂದು ಹಳೆಯ ಟ್ರಂಕು, ಒಳಗೆ ಹಣದ ಲಕೋಟೆಗಳು, ಚೀಟಿಗಳು. ತಾವು ಬಾಜಿ ಕಟ್ಟುವುದಿಲ್ಲ, ಕೂಲಿಯನ್ನೂ ತೆಗೆದುಕೊಳ್ಳುವುದಿಲ್ಲ. ಯಾರಿಗೆ ಓಟು ಹಾಕಿದೆ ಎಂದು ಕಟ್ಟಿಕೊಂಡ ಹೆಂಡತಿಗೂ ಹೇಳಿದವರಲ್ಲವಂತೆ. ಇಡೀ ಊರಿಗೆ ಅವರ ಮೇಲಿರುವ ನಂಬಿಕೆಯ ಮೂಲ ಅದೇ. ಮಂಗಳವಾರ ಮಧ್ಯಾಹ್ನ ನಾನೂ ಮಗಳೂ ಹೋಗಿ ಕುಳಿತೆವು. ಕಾಫಿ ಬಂತು. ಮೇಷ್ಟ್ರಿಗೆ ಕೇಳುವವರು ಸಿಕ್ಕರೆ ಸಾಕು, ಪಾಠ ಶುರುವಾಗುತ್ತದೆ.

ಮೊದಲನೆಯ ಮಾತು, ಎರಡೂ ಕಡೆಯ ಹಣ ಕೈಗೆ ಬರದೆ ಚೀಟಿ ಬರೆಯುವುದಿಲ್ಲ. ಬಾಯಲ್ಲಿ ಕಟ್ಟಿದ್ದು ಬಾಯಲ್ಲೇ ಹೋಗುತ್ತದೆ. ಕುರಿ, ಟಗರು, ಎತ್ತು ಕಟ್ಟಿದರೆ ಅವನ್ನು ಟ್ರಂಕಿನಲ್ಲಿ ಇಡಲಾಗದಲ್ಲ, ಆದ್ದರಿಂದ ಗುರುತು ಬರೆದುಕೊಂಡು ಇಬ್ಬರು ಸಾಕ್ಷಿಗಳ ರುಜು ಹಾಕಿಸುತ್ತಾರೆ. ಜಮೀನು ಕಟ್ಟುತ್ತೇನೆ ಎಂದು ಬಂದರೆ ಮಾತ್ರ ಓಡಿಸುತ್ತಾರೆ. “ನೂರು ರೂಪಾಯಿ ದಾಟಿದ ಭೂಮಿ ರಿಜಿಸ್ಟ್ರಿ ಆಗ್ದೆ ಕೈ ಬದಲಾಗಲ್ಲ ಕಣಮ್ಮ. ಅಲ್ದೆ ಅಣ್ಣತಮ್ಮಂದಿರು, ಹೆಂಡ್ತಿ ಮಕ್ಳು ಎಲ್ಲರ ಅನ್ನ ಅದು. ಒಬ್ಬನ ಬಾಯಿ ಮಾತಿಗೆ ನಾನು ಬರೆಯಕ್ಕಾಗುತ್ತಾ?” ಎಂದರು. ಈ ಮಾತನ್ನು ನೆನಪಿಡಿ.

ಎರಡನೆಯದು ಅಕ್ಷರ. ಬಿ.ಎ.ಯಲ್ಲಿ ನಾನು ‘ಮರ್ಚೆಂಟ್ ಆಫ್ ವೆನಿಸ್’ ಓದಿದ್ದೆ. ಪತ್ರದಲ್ಲಿ ಏನು ಬರೆದಿದೆಯೋ ಅಷ್ಟೇ, ಅದಕ್ಕಿಂತ ಒಂದು ಹನಿ ಹೆಚ್ಚಿಲ್ಲ ಎಂಬ ಪೋರ್ಷಿಯಾಳ ವಾದವನ್ನು ಈ ಮೇಷ್ಟ್ರು ಓದದೆಯೇ ಅರೆದು ಕುಡಿದಿದ್ದರು. ಅಭ್ಯರ್ಥಿಯ ಪೂರ್ತಿ ಹೆಸರು, ಚಿಹ್ನೆ ಎರಡೂ ಬೇಕು. ಏಕೆಂದರೆ ಆ ಸಲ ಮಂಡ್ಯದಲ್ಲಿ ಸುಮಲತಾ ಎಂಬ ಹೆಸರಿನವರೇ ಇನ್ನೂ ಮೂವರು ಕಣದಲ್ಲಿದ್ದರು! ಆದ್ದರಿಂದ ಪ್ರತಿ ಚೀಟಿಯಲ್ಲೂ ‘ಸುಮಲತಾ ಅಂಬರೀಶ್, ಕಹಳೆ ಊದುವ ರೈತನ ಗುರುತು’ ಎಂದು ದುಂಡಗೆ ಬರೆದಿದ್ದರು. ‘ಗೆದ್ದರೆ’ ಎಂದರೆ ಟಿವಿಯವರು ಗೆಲ್ಲಿಸಿದರೆ ಅಲ್ಲ, ಚುನಾವಣಾಧಿಕಾರಿ ಘೋಷಿಸಿದರೆ. ‘ಲೀಡ್’ ಎಂದರೆ ಅಂಚೆ ಮತವೂ ಸೇರಿದ ಕೊನೆಯ ಅಂಕಿ.

“ಇಷ್ಟೊಂದು ಯಾಕೆ ಮೇಷ್ಟ್ರೇ?” ಎಂದೆ.

“ಹಿಂದಿನ ವರ್ಷ ಪಟ್ಟ ಪಾಡು ನಿಮಗೇನು ಗೊತ್ತು” ಎಂದು ನಕ್ಕರು. 2018ರ ವಿಧಾನಸಭೆಯ ಫಲಿತಾಂಶದಲ್ಲಿ ಯಾರಿಗೂ ಬಹುಮತ ಬರಲಿಲ್ಲ. ಮೇ 17ಕ್ಕೆ ಯಡಿಯೂರಪ್ಪನವರು ಮುಖ್ಯಮಂತ್ರಿಯಾಗಿ ಪ್ರಮಾಣ ಮಾಡಿದರು, 19ಕ್ಕೆ ರಾಜೀನಾಮೆ ಕೊಟ್ಟರು, 23ಕ್ಕೆ ಕುಮಾರಸ್ವಾಮಿಯವರು ಪ್ರಮಾಣ ಮಾಡಿದರು. ‘ಮುಖ್ಯಮಂತ್ರಿ ಯಾರು’ ಎಂದು ಕಟ್ಟಿದ್ದವರಲ್ಲಿ ಇಬ್ಬರೂ ಗೆದ್ದೆವೆಂದು ಮೇಷ್ಟ್ರ ಜಗಲಿಗೆ ಬಂದು ಕುಳಿತರು. ಒಂದು ಚೀಟಿಯಲ್ಲಿ ‘ಪ್ರಮಾಣ ಮಾಡಿದರೆ’ ಎಂದಿತ್ತು, ಅದು 17ಕ್ಕೇ ತೀರಿತು. ಇನ್ನೊಂದರಲ್ಲಿ ‘ಸರ್ಕಾರ ಮಾಡಿದರೆ’ ಎಂದಿತ್ತು. ಎರಡು ದಿನದ್ದು ಸರ್ಕಾರವೋ ಅಲ್ಲವೋ? ಮೂರು ರಾತ್ರಿ ಪಂಚಾಯಿತಿ ಮಾಡಿ ಕೊನೆಗೆ ಅವರವರ ಹಣ ಅವರವರಿಗೆ ವಾಪಸು ಕೊಟ್ಟರಂತೆ. ಚುನಾವಣೆಯೇ ನಿಂತುಹೋದರೂ ಹಾಗೆಯೇ, ಬಾಜಿ ಮುರಿಯಿತು. ಮಂಡ್ಯದ ಜತೆಗೇ ಏಪ್ರಿಲ್ 18ಕ್ಕೆ ಮತದಾನವಾಗಬೇಕಿದ್ದ ತಮಿಳುನಾಡಿನ ವೆಲ್ಲೂರಿನಲ್ಲಿ ಹಣ ಸಿಕ್ಕಿಬಿದ್ದ ಕಾರಣಕ್ಕೆ ಎರಡು ದಿನ ಮೊದಲು ಚುನಾವಣೆಯೇ ರದ್ದಾಗಿತ್ತು. “ಇಲ್ಲೂ ಹಂಗಾಗಿದ್ರೆ ಈ ಟ್ರಂಕು ಖಾಲಿ ಮಾಡಕ್ಕೆ ನಂಗೆ ಒಂದು ವಾರ ಬೇಕಾಗ್ತಿತ್ತು” ಎಂದರು.

“ಇಬ್ಬರಿಗೂ ಸಮ ಓಟು ಬಂದರೆ?” ಮಗಳ ಪ್ರಶ್ನೆ.

ಅದಕ್ಕೆ ಉತ್ತರ ನನಗೇ ಗೊತ್ತಿತ್ತು. ನಮ್ಮ ಮುಂಬಯಿಯಲ್ಲೇ 2017ರ ಮಹಾನಗರಪಾಲಿಕೆ ಚುನಾವಣೆಯಲ್ಲಿ 220ನೇ ವಾರ್ಡಿನಲ್ಲಿ ಸಮ ಬಂದು ಚೀಟಿ ಎತ್ತಿ ತೀರ್ಮಾನ ಮಾಡಿದ್ದರಲ್ಲ. ಮೇಷ್ಟ್ರು ಸಂತೇಮರಹಳ್ಳಿಯ ಕಥೆ ಹೇಳಿದರು. 2004ರಲ್ಲಿ ಅಲ್ಲಿ ಧ್ರುವನಾರಾಯಣ ಅವರು ಗೆದ್ದದ್ದು ಒಂದೇ ಒಂದು ಓಟಿನಿಂದ. 40,752 ಮತ್ತು 40,751. ಅಂಥ ದಿನ ಟಿವಿ ನೋಡಿ ಹಣ ಹಂಚಿದ ಮಧ್ಯಸ್ಥನ ಗತಿ ಏನಾಗಬೇಡ!

ಮಗಳು ಸುಮ್ಮನಿರುವವಳಲ್ಲ. “ಮೇಷ್ಟ್ರೇ, ಇಷ್ಟು ದುಡ್ಡು ಇಟ್ಟುಕೊಂಡು ನೀವೇ ಓಡಿಹೋದರೆ?” ಎಂದುಬಿಟ್ಟಳು. ನಾನು ನಾಚಿ ಅವಳ ತೊಡೆ ಚಿವುಟಿದೆ. ಅವರಿಗೆ ಸಿಟ್ಟು ಬರಲಿಲ್ಲ. “ಯಾವ ಊರಿಗೆ ಓಡ್ಲವ್ವ? ನಾಳೆ ನನ್ನ ಹೆಣ ಹೊರೋರೂ ಇವರೇ ತಾನೆ” ಎಂದರು.

ಹಾಗೆ ಮಾತಾಡುತ್ತಾ ಅವರು ಒಂದು ಚೀಟಿಯನ್ನು ಮಗಳ ಕೈಗೆ ಕೊಟ್ಟು, “ಬಾಂಬೆ ಮಗು ಕನ್ನಡ ಓದ್ತದಾ ನೋಡೋಣ” ಎಂದರು. ಅವಳು ಉತ್ಸಾಹದಿಂದ ಅಕ್ಷರ ಕೂಡಿಸತೊಡಗಿದಳು. “ಕ-ಪ್ಪು ಬಿ-ಳಿ ಸೀ-ಮೆ-ಹ-ಸು ಒಂ-ದು, ಕ-ರು ಬಿ-ಟ್ಟು.” ಎದುರು ನಲವತ್ತೈದು ಸಾವಿರ ರೂಪಾಯಿ. ನಿಖಿಲ್ ಗೆದ್ದರೆ ಹಣ ಬರುತ್ತದೆ, ಸೋತರೆ ಹಸು ಹೋಗುತ್ತದೆ. ಕೆಳಗೆ ನನ್ನ ಮೈದುನನ ರುಜು.

ಮನೆಗೆ ಬರುವ ದಾರಿಯಲ್ಲಿ ಮಗಳು, “ಚಿಕ್ಕವ್ವನಿಗೆ ಗೊತ್ತಾ ಅಮ್ಮಾ?” ಎಂದು ಕೇಳಿದಳು. ಗೊತ್ತಿಲ್ಲವೆಂಬುದು ನನಗೆ ಸ್ಪಷ್ಟವಾಗಿಯೇ ಇತ್ತು. “ನೀನು ಬಾಯಿ ಬಿಡಬೇಡ, ಅವರ ಮನೆಯ ವಿಷಯ” ಎಂದೆ. ಎಂಟಕ್ಕೆ ಎಂಟು ಶಾಸಕರಿರುವ ಪಕ್ಷ, ಗೆದ್ದೇ ಗೆಲ್ಲುತ್ತದೆ, ಹಸುವೂ ಉಳಿಯುತ್ತದೆ, ಸುಮ್ಮನೆ ಗಂಡಹೆಂಡಿರ ನಡುವೆ ಜಗಳ ಏಕೆ ತರಲಿ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಾನೂ ಒಂದು ಬಗೆಯ ಬಾಜಿ ಕಟ್ಟಿದ್ದೆ ಎಂದು ಆಗ ಹೊಳೆಯಲಿಲ್ಲ. ಆ ಎರಡು ದಿನ ಓರಗಿತ್ತಿ ಹಾಲು ಕರೆಯುವಾಗ ನಾನು ಕೊಟ್ಟಿಗೆಯ ಕಡೆ ಹೋಗಲಿಲ್ಲ.

ಗುರುವಾರ ಬೆಳಗಾಯಿತು. ಊರಿನ ಮುಕ್ಕಾಲು ಪಾಲು ಗಂಡಸರು ಮೂರು ಟಿವಿಗಳ ಮುಂದೆ ಹಂಚಿಹೋಗಿದ್ದರು. ಬೀಟಿನ ಪೊಲೀಸರು ಒಮ್ಮೆ ಬಂದು, “ಬಾಜಿಗೀಜಿ ಏನಾದ್ರೂ ಇದ್ರೆ ಹುಷಾರ್” ಎಂದು ಹೇಳಿ ಹೋದರು. ಹಣ ಕಟ್ಟಿ ಜೂಜಾಡುವುದು ಕರ್ನಾಟಕ ಪೊಲೀಸ್ ಕಾಯಿದೆಯಲ್ಲಿ ಅಪರಾಧ, ಇದನ್ನು ನೀವು ಮರೆಯಬಾರದು. ಮೇಷ್ಟ್ರ ಟ್ರಂಕು ಅಂದು ಜಗಲಿಯಿಂದ ಅಡುಗೆಮನೆಯ ಅಟ್ಟಕ್ಕೆ ಹೋಗಿತ್ತು. ಮಧ್ಯಾಹ್ನದ ಹೊತ್ತಿಗೆ ಅಂತರ ಏರುತ್ತಲೇ ಹೋಯಿತು. ಮೈದುನ ಊಟಕ್ಕೆ ಬರಲಿಲ್ಲ. ಕೊನೆಗೆ ಸುಮಲತಾ 1,25,876 ಮತಗಳಿಂದ ಗೆದ್ದರು.

ಘೋಷಣೆಯಾಗಿದೆಯೆಂದು ಮಂಡ್ಯದಿಂದ ಫೋನಿನಲ್ಲಿ ಖಚಿತ ಮಾಡಿಕೊಂಡ ಮೇಲೆಯೇ ಮೇಷ್ಟ್ರು ಅಟ್ಟದಿಂದ ಟ್ರಂಕು ಇಳಿಸಿದರು. ಆಗ ರಾತ್ರಿಯಾಗಿತ್ತು. ಒಂದೊಂದೇ ಹೆಸರು ಕರೆಯುವುದು, ಚೀಟಿ ಓದುವುದು, ಲಕೋಟೆ ಕೊಡುವುದು, ಚೀಟಿಯ ಮೇಲೆ ಅಡ್ಡ ಗೆರೆ ಎಳೆದು ‘ಚುಕ್ತಾ’ ಎಂದು ಬರೆಯುವುದು. ಸೋತವರು ಮುಖ ಗಂಟಿಕ್ಕಿಕೊಂಡಿದ್ದರೂ ಒಬ್ಬರೂ ತಕರಾರು ತೆಗೆಯಲಿಲ್ಲ. ಒಂದೇ ಒಂದು ಗದ್ದಲ ಎದ್ದದ್ದು ಲೀಡಿನ ಮೇಲೆ. ಒಬ್ಬ, ಸುಮಲತಾ ಗೆಲ್ಲುತ್ತಾರೆ, ಆದರೆ ಒಂದೂಕಾಲು ಲಕ್ಷದ ಒಳಗೆ ಎಂದು ಎರಡು ಕುರಿ ಕಟ್ಟಿದ್ದ. ಬರೇ 876 ಓಟಿನಲ್ಲಿ ಕುರಿ ಹೋದವು. ಅಂಚೆ ಮತ ಬಿಟ್ಟು ಎಣಿಸಿ ಎಂದು ಅವನು, ಚೀಟಿ ನೋಡು ಎಂದು ಇವರು. ಅವನು ಚೀಟಿ ನೋಡಿ ಸುಮ್ಮನಾದ. ಗೆದ್ದವನು ಒಂದು ಕುರಿ ಕಡಿದು ಸೋತವನಿಗೂ ಎಲೆ ಹಾಕಿ ಬಾಡೂಟ ಕೊಡಬೇಕು, ಅದು ಊರಿನ ವಾಡಿಕೆ.

ನಿಮ್ಮಲ್ಲಿ ಕಾನೂನು ಓದುವವರು ಇದ್ದೀರಿ, ನಿಮಗಾಗಿ ಒಂದು ಮಾತು. 1872ರ ಭಾರತೀಯ ಕರಾರು ಕಾಯಿದೆಯ 30ನೇ ಕಲಮಿನ ಪ್ರಕಾರ ಬಾಜಿಯ ಕರಾರು ಊರ್ಜಿತವಲ್ಲ. ಗೆದ್ದ ಹಣ ಕೊಡಿಸಿ ಎಂದು ಕೋರ್ಟಿಗೆ ಹೋಗುವಂತಿಲ್ಲ. ಅಷ್ಟೇ ಅಲ್ಲ, ಫಲಿತಾಂಶ ಬರುವ ತನಕ ಇಟ್ಟುಕೊಂಡಿರು ಎಂದು ಮೂರನೆಯವನ ಕೈಗೆ ಕೊಟ್ಟ ಹಣವನ್ನು ಗೆದ್ದೆನೆಂದು ಕೇಳುವುದಕ್ಕೂ ದಾವೆ ಇಲ್ಲ. ಎಂದರೆ ಕಾಯಿದೆ ಬರೆದವರಿಗೆ ನಮ್ಮ ಮೇಷ್ಟ್ರಂಥವರ ಪರಿಚಯ ಚೆನ್ನಾಗಿಯೇ ಇತ್ತು! ನಾವಿರುವ ಮುಂಬಯಿ ಪ್ರಾಂತ್ಯಕ್ಕೆ 1865ರಲ್ಲೇ ಇನ್ನೂ ಬಿಗಿಯಾದ ಬೇರೆ ಕಾಯಿದೆ ಬಂದಿತ್ತು, ಬಾಜಿಗೆ ಪೂರಕವಾಗಿ ಮಾಡಿಕೊಂಡ ಒಪ್ಪಂದಗಳೂ ಅದರಲ್ಲಿ ಅನೂರ್ಜಿತ. ಬಾಜಿಯ ಕರಾರು ಅನೂರ್ಜಿತವೇ ಹೊರತು ಕರಾರು ಕಾಯಿದೆಯ ಅರ್ಥದಲ್ಲಿ ಕಾನೂನುಬಾಹಿರವಲ್ಲ ಎಂದು 1959ರಲ್ಲಿ ಸುಪ್ರೀಂ ಕೋರ್ಟು ಗೆರೂಲಾಲ್ ಪಾರಖ್ ಮೊಕದ್ದಮೆಯಲ್ಲಿ ಹೇಳಿತು. ಇದನ್ನೆಲ್ಲ ನಾನು ತಿಳಿದುಕೊಂಡದ್ದು ಮುಂಬಯಿಗೆ ಮರಳಿದ ಮೇಲೆ, ನಮ್ಮ ಕಟ್ಟಡದ ವಕೀಲರಿಂದ. ಅಂದು ರಾತ್ರಿ ಗೊತ್ತಿದ್ದದ್ದು ಬಾಜಿಗೆ ಕೋರ್ಟಿನಲ್ಲಿ ಬೆಲೆಯಿಲ್ಲ ಎಂಬ ಅರ್ಧ ಜ್ಞಾನ. ಆ ಅರ್ಧವನ್ನೇ ನಾನು ಅಲ್ಲಿ ಎತ್ತಿ ಆಡಿದೆ.

ಹಸುವಿನ ಚೀಟಿ ಕೊನೆಯದಾಗಿ ಬಂತು. ಮೇಷ್ಟ್ರು ಓದುತ್ತಿದ್ದಂತೆ ಬಾಗಿಲ ಬಳಿ ಹೆಂಗಸರ ಗುಂಪಿನಲ್ಲಿ ಓರಗಿತ್ತಿ ನಿಂತಿದ್ದಳು. ಗಂಡನಿಗೆ ಊಟಕ್ಕೆ ಕರೆಯಲು ಬಂದಿದ್ದಳಷ್ಟೆ. ಗೆದ್ದವನು ನೆರೆಮನೆಯವನೇ, ಒಳ್ಳೆಯ ಮನುಷ್ಯ. ಅವನಿಗೂ ಮುಜುಗರ. ಮೈದುನ ತಲೆ ಎತ್ತದೆ, “ಬೆಳಿಗ್ಗೆ ಬಂದ್ ಹಿಡ್ಕೊಂಡ್ ಹೋಗ್. ಮಾತು ಅಂದ್ರೆ ಮಾತೆಯ” ಎಂದ.

ಓರಗಿತ್ತಿ ಅಳಲಿಲ್ಲ, ಕೂಗಲಿಲ್ಲ. ಮನೆಗೆ ಹೋಗಿ ಬಂದಳು. ಕೈಯಲ್ಲಿ ಡೈರಿಯ ಪಾಸ್‌ಪುಸ್ತಕ, ಸಂಘದ ಸಾಲದ ಪುಸ್ತಕ. ಅವೆರಡನ್ನೂ ಚೀಟಿಯ ಪಕ್ಕದಲ್ಲಿ ಇಟ್ಟು, “ಮೇಷ್ಟ್ರೇ, ಈ ಚೀಟಿಲಿ ನನ್ ರುಜು ಎಲ್ಲದೆ?” ಎಂದು ಕೇಳಿದಳು.

ದ್ರೌಪದಿ ತುಂಬಿದ ಸಭೆಯಲ್ಲಿ ಕೇಳಿದ ಪ್ರಶ್ನೆಯ ಬಗ್ಗೆ ಹರಿಕಥೆಗಳಲ್ಲಿ ಎಷ್ಟೋ ಸಲ ಕೇಳಿದ್ದೆ. ಉತ್ತರ ಕೊಡಬೇಕಾದವರ ಮುಖ ಹೇಗಿರುತ್ತದೆ ಎಂದು ಅಂದು ನೋಡಿದೆ.

ನಾನು ಬಾಯಿ ಹಾಕಿದೆ. “ಕಾನೂನಿನಲ್ಲಿ ಬಾಜಿಗೆ ಬೆಲೆಯೇ ಇಲ್ಲ. ಹಸು ಕೊಡಬೇಕಾಗಿಲ್ಲ” ಎಂದೆ. ಬಿ.ಎ. ಓದಿದ ಬಾಂಬೆಯ ಹೆಂಗಸು ಹೇಳಿದ್ದನ್ನು ಎಲ್ಲರೂ ಕೇಳಿಸಿಕೊಂಡರು. ಮೇಷ್ಟ್ರು ಕನ್ನಡಕ ತೆಗೆದು, “ನಿಜ ಕಣಮ್ಮ. ಹಂಗೆ ನೋಡಿದ್ರೆ ನಾನೂ ಯಾರಿಗೂ ಒಂದ್ ರೂಪಾಯಿ ಕೊಡ್ಬೇಕಾಗಿರಲಿಲ್ಲ” ಎಂದರು. ಜಗಲಿಯ ಮೇಲೆ ಸದ್ದಿಲ್ಲ. ಆಗ ನನಗೆ ಅರ್ಥವಾಯಿತು. ಒಂದು ಚೀಟಿಗೆ ಕಾನೂನು ತಂದರೆ ಅಂದು ಸಂಜೆಯಿಂದ ತೀರಿದ ಅಷ್ಟೂ ಚೀಟಿಗಳು ಬಿಚ್ಚಿಕೊಳ್ಳುತ್ತಿದ್ದವು.

ಸ್ವಲ್ಪ ಹೊತ್ತು ಬಿಟ್ಟು ಅವರೇ ಹೇಳಿದರು. “ಭೂಮಿ ಕಟ್ಟಕ್ಕೆ ಬಂದ್ರೆ ಯಾರದು ಅಂತ ಕೇಳ್ತೀನಿ. ಹಸು ಯಾರದು ಅಂತ ನಾನು ಕೇಳಲಿಲ್ಲ. ತಪ್ಪು ನಂದೂ ಅದೆ.” ಹಸು ಕೊಟ್ಟಿಗೆಯಲ್ಲೇ ಇರಲಿ, ಅದರ ಬೆಲೆ ನಲವತ್ತೈದು ಸಾವಿರವನ್ನು ನನ್ನ ಮೈದುನ ಹಣವಾಗಿ ಕೊಡಬೇಕು ಎಂದಾಯಿತು. ಅದಕ್ಕೆ ಗೆದ್ದವನು ಒಪ್ಪಬೇಕಿತ್ತು. ಅವನು ಒಪ್ಪಿದ, ಆದರೆ ಹದಿನೈದು ದಿನದೊಳಗೆ ಎಂದ. ಅವನೂ ನಲವತ್ತೈದು ಸಾವಿರವನ್ನು ಬಡ್ಡಿಗೆ ತಂದು ಕಟ್ಟಿದ್ದವನೇ. ಮೇಷ್ಟ್ರು ಅವನ ಲಕೋಟೆ ಅವನಿಗೆ ಕೊಟ್ಟು, ಹಸುವಿನ ಚೀಟಿಯ ಮೇಲೆ ಗೆರೆ ಎಳೆಯದೆ ಹಾಗೆಯೇ ಟ್ರಂಕಿಗೆ ಹಾಕಿದರು.

ಮನೆಗೆ ಬಂದ ಮೇಲೆ ಓರಗಿತ್ತಿ ಗಂಡನ ಜೊತೆ ಒಂದು ಮಾತೂ ಆಡಲಿಲ್ಲ. ನನ್ನ ಹಾಸಿಗೆಯ ಪಕ್ಕ ಬಂದು ಕುಳಿತು, “ಅಕ್ಕ, ನಿಮಗ್ ಮೊದ್ಲೇ ಗೊತ್ತಿತ್ತಾ?” ಎಂದಳು. ನಾನು ಏನು ಹೇಳಬೇಕೆಂದು ಮಾತು ಹುಡುಕುತ್ತಿದ್ದೆ. ಮಗಳು ಕತ್ತಲೆಯಲ್ಲೇ, “ಮಂಗಳವಾರದಿಂದ ಗೊತ್ತಿತ್ತು ಚಿಕ್ಕವ್ವ” ಎಂದಳು.

ಮೈದುನ ಬೈಕು ಮಾರಿದ. ಇಪ್ಪತ್ತೆಂಟು ಸಾವಿರ ಬಂತು. ಎರಡು ಸಾವಿರ ಅವನ ಕೈಯಲ್ಲೇ ಇತ್ತು. ಉಳಿದ ಹದಿನೈದು ಸಾವಿರ ನಾನು ಕೊಟ್ಟೆ, ಮನೆಖರ್ಚಿನಲ್ಲಿ ಉಳಿಸಿ ಹಾಕಿದ್ದ ನನ್ನ ಅಂಚೆಕಚೇರಿಯ ಖಾತೆಯಿಂದ, ಯಜಮಾನರಿಗೆ ಹೇಳದೆ. (ಈ ಸಂಚಿಕೆ ಓದಿದಾಗ ಅವರಿಗೆ ತಿಳಿಯುತ್ತದೆ, ಇರಲಿ.) ಕೊಡುವಾಗ “ಇದು ಸಾಲವಲ್ಲ” ಎಂದೆ. ಓರಗಿತ್ತಿ ಕೇಳಲಿಲ್ಲ. “ಬರ್ಕೊಳ್ತೀನಕ್ಕ” ಎಂದು ಡೈರಿಯ ಪುಸ್ತಕದ ಹಿಂದಿನ ಪುಟದಲ್ಲಿ ಬರೆದುಕೊಂಡಳು. ತಿಂಗಳಿಗೆ ಐನೂರರಂತೆ ಬಂತು. 2020ರ ಲಾಕ್‌ಡೌನಿನ ತಿಂಗಳುಗಳಲ್ಲಿ ಮುನ್ನೂರು, ಇನ್ನೂರು, ಆದರೂ ಬಂತು. 2022ರ ಕೊನೆಯಲ್ಲಿ ಕೊನೆಯ ಕಂತು ಫೋನಿನಲ್ಲಿ ಬಂದಾಗ ಜೊತೆಗೆ ಒಂದೇ ಒಂದು ಪದ ಇತ್ತು, ‘ಚುಕ್ತಾ’. ಅಲ್ಲಿಯವರೆಗೆ ಅವಳು ನನ್ನೊಡನೆ ಹಬ್ಬಹರಿದಿನಕ್ಕೆ ಎಷ್ಟು ಬೇಕೋ ಅಷ್ಟೇ ಮಾತಾಡುತ್ತಿದ್ದಳು.

2023ರ ಮೇ 13ರಂದು, ವಿಧಾನಸಭೆಯ ಎಣಿಕೆಯ ರಾತ್ರಿ, ಅವಳೇ ಫೋನು ಮಾಡಿದಳು. ಬೆಂಗಳೂರಿನ ಜಯನಗರದ ಫಲಿತಾಂಶ ಮರು ಎಣಿಕೆಯಲ್ಲಿ ಸಿಕ್ಕಿಕೊಂಡು ಟಿವಿಯೆಲ್ಲ ಅದೇ ಆಗಿತ್ತು. ಕೊನೆಗೆ ಗೆಲುವು 16 ಮತಗಳಿಂದ, ಅದೂ ಮೊದಲು ಗೆದ್ದರೆಂದು ಸುದ್ದಿಯಾಗಿದ್ದವರಿಗಲ್ಲ. “ನಮ್ ಮೇಷ್ಟ್ರು ಟಿವಿ ನೋಡ್ಕೊಂಡು ಒಬ್ಬರೇ ನಗ್ತಾವ್ರಂತೆ ಕನಕ್ಕ” ಎಂದಳು. ಅವರು ಈಗ ಯಾವುದೇ ಚೀಟಿ ಬರೆಯುವ ಮೊದಲು “ಯಾರದಯ್ಯ ಇದು?” ಎಂದು ಕೇಳಿ, ಪ್ರಾಣಿಯಾದರೆ ಮನೆಯ ಹೆಂಗಸಿನ ರುಜು ಹಾಕಿಸಿಕೊಳ್ಳುತ್ತಾರಂತೆ. ಹಾಗಾಗಿ ಊರಿನಲ್ಲಿ ಪ್ರಾಣಿ ಕಟ್ಟುವವರೇ ಕಡಿಮೆಯಾಗಿದ್ದಾರಂತೆ. ಮೈದುನ ಆ ಸಲ ಮೀಸೆ ಕಟ್ಟಿ, ಸೋತು, ಬೋಳು ಮೂತಿಯಲ್ಲಿ ಡೈರಿಗೆ ಹೋಗಲು ನಾಚಿ ಮನೆಯಲ್ಲೇ ಕುಳಿತಿದ್ದ. ಲಕ್ಷ್ಮಿ ಮೂರನೆಯ ಕರು ಹಾಕಿತ್ತು, ಹೆಣ್ಣು.

ಮನಸ್ಸು ಹಗುರವಾಗಿ, ನಾನು ಯಾವತ್ತೂ ಕೇಳಬಾರದ್ದನ್ನು ಕೇಳಿಬಿಟ್ಟೆ. “ಅಲ್ವೇ, 2019ರಲ್ಲಿ ನೀನು ಯಾರಿಗೆ ಹಾಕಿದ್ದೆ?”

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ನಗು.

“ಕಹಳೆಗೇ ಹಾಕಿದ್ದೆ ಕನಕ್ಕ. ನನ್ ಓಟೇ ನನ್ ಹಸೂನ ಸೋಲ್ಸಿದ್ದು. ನಿಮ್ ಮೈದುನಂಗ್ ಮಾತ್ರ ಯೋಳ್ಬೇಡಿ.”